ಪೆನ್ನಿ ರೆಡ್: ಕೈಯಲ್ಲಿರುವುದು ಯಾವುದು, ಅದರ ಬೆಲೆ ಎಷ್ಟು ಅಂತ ತಿಳಿಯುವುದು ಹೇಗೆ?

ಹಳೆಯ ಸ್ಟಾಂಪ್ ಆಲ್ಬಮ್ ತೆರೆದರೆ ಮೊದಲ ಕೆಲವು ಪುಟಗಳಲ್ಲೇ ಒಂದು ಪುಟ್ಟ ಕೆಂಪು ಚೀಟಿ ಕಣ್ಣಿಗೆ ಬೀಳುವುದು ತುಂಬಾ ಸಾಮಾನ್ಯ. ಎಡಕ್ಕೆ ಮುಖ ಮಾಡಿದ ವಿಕ್ಟೋರಿಯಾ ರಾಣಿ, ಮೇಲೆ ‘ಪೋಸ್ಟೇಜ್’, ಕೆಳಗೆ ‘ಒನ್ ಪೆನ್ನಿ’. ಇದೇ ಬ್ರಿಟನ್ನಿನ ಪೆನ್ನಿ ರೆಡ್. 1841ರಿಂದ 1879ರವರೆಗೆ ಇದನ್ನು ಅಚ್ಚು ಹಾಕಿದರು. ಒಟ್ಟು ಸುಮಾರು 2,100 ಕೋಟಿ ಚೀಟಿಗಳು!

ಇದು ಸಿಕ್ಕ ತಕ್ಷಣ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ನೂರೈವತ್ತು ವರ್ಷ ಹಳೆಯದು, ಭಾರಿ ಬೆಲೆ ಇರಬೇಕು ಅಲ್ವಾ? ಆದರೆ ವಯಸ್ಸಿನಿಂದ ಸ್ಟಾಂಪಿಗೆ ಬೆಲೆ ಬರುವುದಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನ ಹುಡುಕುತ್ತಿದ್ದಾರೆ, ನಿಮ್ಮ ಚೀಟಿ ಎಷ್ಟು ಚೆನ್ನಾಗಿದೆ, ಇವೇ ಬೆಲೆ ಕಟ್ಟುವುದು. ಪೆನ್ನಿ ರೆಡ್‌ಗಳಲ್ಲಿ ಹೆಚ್ಚಿನವು ಚಿಲ್ಲರೆ ಕಾಸಿಗೆ ಸಿಗುತ್ತವೆ. ಅದೇ ರಾಣಿ, ಅದೇ ಕೆಂಪು, ಆದರೂ ಒಂದೆರಡು ಬಗೆಗಳಿಗೆ ಮನೆ ಕೊಳ್ಳುವಷ್ಟು ಬೆಲೆ. ಹಾಗಾಗಿ ‘ಬೆಲೆ ಎಷ್ಟು’ ಅಂತ ಕೇಳುವ ಮುಂಚೆ ‘ಇದು ಯಾವ ಪೆನ್ನಿ ರೆಡ್’ ಅಂತ ಕೇಳಬೇಕು. ಅದಕ್ಕೆ ಉತ್ತರ ಚೀಟಿಯ ಮೇಲೆಯೇ ಇದೆ. ಓದುವ ಕ್ರಮ ಗೊತ್ತಿದ್ದರೆ ಸಾಕು.

ಶುರು ಮಾಡುವ ಮುಂಚೆ

ತುದಿ ಚಪ್ಪಟೆ ಇರುವ ಸ್ಟಾಂಪ್ ಚಿಮಟ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಅಂಚಿನ ತೂತು ಅಳೆಯುವ ಗೇಜ್, ಒಂದು ಕಪ್ಪು ತಟ್ಟೆ. ಇಷ್ಟು ಸಾಕು. ಬೆರಳಿನಿಂದ ಮುಟ್ಟಬೇಡಿ, ಚರ್ಮದ ಎಣ್ಣೆ ಹಳೆಯ ಕಾಗದಕ್ಕೆ ಹತ್ತಿಕೊಳ್ಳುತ್ತದೆ. ಬೆಳಕು ಒಂದು ಪಕ್ಕದಿಂದ ಬೀಳುವಂತೆ ಕೂತುಕೊಳ್ಳಿ.

ಚೀಟಿ ಇನ್ನೂ ಕಾಗದಕ್ಕೆ ಅಂಟಿಕೊಂಡಿದ್ದರೆ ಅಲ್ಲೇ ನಿಲ್ಲಿಸಿ. ನೀರಿಗೆ ಹಾಕಬೇಡಿ, ಕತ್ತರಿಸಲೂಬೇಡಿ. ಮಡಿಸಿದ ಹಳೆಯ ಪತ್ರವೊಂದರ ಮೇಲಿದ್ದ ಪೆನ್ನಿ ರೆಡ್ಡನ್ನು ನಾನು ಒಮ್ಮೆ ನೀಟಾಗಿ ಕತ್ತರಿಸಿ ಆಲ್ಬಮ್ಮಿಗೆ ಹಾಕಿದ್ದೆ. ಊರಿನ ಹೆಸರು, ತಾರೀಖು ಇದ್ದ ಇನ್ನೊಂದು ಮುದ್ರೆ ಆ ಪತ್ರದ ಮೇಲೇ ಉಳಿದುಬಿಟ್ಟಿತು. ಎರಡೂ ಒಟ್ಟಿಗೆ ಇದ್ದಾಗ ಅದು ಎಲ್ಲಿಂದ ಎಲ್ಲಿಗೆ ಯಾವ ದಿನ ಹೋದ ಪತ್ರ ಅಂತ ಹೇಳುತ್ತಿತ್ತು. ಬೇರೆಯಾದ ಮೇಲೆ ಉಳಿದದ್ದು ಸಾಧಾರಣ ಚೀಟಿ ಒಂದು, ತೂತಾದ ಕಾಗದ ಒಂದು. ಇವತ್ತಿಗೂ ಅದು ನನಗೆ ನೋವಿನ ವಿಷಯ. ಪೂರ್ತಿ ಪತ್ರ ಅಥವಾ ಲಕೋಟೆ ಇದ್ದರೆ ಅದನ್ನು ಇಡಿಯಾಗಿಯೇ ಇಡಿ.

ಮೊದಲ ಹೆಜ್ಜೆ: ಇದು ಪೆನ್ನಿ ರೆಡ್ ಹೌದೇ?

ಚೀಟಿಯ ಮೇಲೆ ದೇಶದ ಹೆಸರು ಹುಡುಕಬೇಡಿ, ಬ್ರಿಟನ್ ತನ್ನ ಸ್ಟಾಂಪುಗಳ ಮೇಲೆ ಹೆಸರು ಹಾಕುವುದಿಲ್ಲ. ಅಗಲ ಸುಮಾರು 19 ಮಿಲಿಮೀಟರ್, ಎತ್ತರ ಸುಮಾರು 22. ಚೀಟಿಯ ಕೆಳಗಿನ ಪಟ್ಟಿಯಲ್ಲಿ ‘ಒನ್ ಪೆನ್ನಿ’ ಅಂತ ಇದೆಯಾ ಓದಿ. 1870ರ ಮೂರು ಹಾಫ್‌ಪೆನ್ನಿ (ಅಂದರೆ ಒಂದೂವರೆ ಪೆನ್ನಿ) ಚೀಟಿಯೂ ಇದೇ ಕೆಂಪು, ಅದರ ಮೂಲೆಗಳಲ್ಲೂ ಅಕ್ಷರಗಳಿವೆ. 1880ರಲ್ಲಿ ಬಂದ ‘ವೆನೀಷಿಯನ್ ರೆಡ್’ ಒಂದು ಪೆನ್ನಿಯದ್ದೇ, ಆದರೆ ಅದರ ಮೂಲೆಗಳಲ್ಲಿ ಅಕ್ಷರ ಇಲ್ಲ. ಮೂಲೆ ಅಕ್ಷರ ಇಲ್ಲದ್ದು ನಮ್ಮ ಪೆನ್ನಿ ರೆಡ್ ಅಲ್ಲ.

ಆ ಅಕ್ಷರಗಳು ಯಾಕೆ ಅಂತ ತಿಳಿದರೆ ಮುಂದಿನದೆಲ್ಲ ಸುಲಭ. ಒಂದು ಹಾಳೆಯಲ್ಲಿ 240 ಚೀಟಿ. ಅಡ್ಡಕ್ಕೆ 12, ಕೆಳಕ್ಕೆ 20 ಸಾಲು. ಆಗಿನ ಲೆಕ್ಕದಲ್ಲಿ 12 ಪೆನ್ನಿಗೆ ಒಂದು ಶಿಲ್ಲಿಂಗ್, 240 ಪೆನ್ನಿಗೆ ಒಂದು ಪೌಂಡ್. ಅಂದರೆ ಒಂದು ಸಾಲು ಕೊಂಡರೆ ಒಂದು ಶಿಲ್ಲಿಂಗ್, ಇಡೀ ಹಾಳೆ ಕೊಂಡರೆ ಒಂದು ಪೌಂಡ್. ಎಷ್ಟು ಚೆಂದದ ಲೆಕ್ಕ! ಯಾರೂ ನಕಲಿ ಮಾಡಬಾರದು ಅಂತ ಪ್ರತಿ ಚೀಟಿಗೂ ಬೇರೆ ಬೇರೆ ಅಕ್ಷರಜೋಡಿ ಕೊಟ್ಟರು. ಕೆಳಗಿನ ಎಡ ಮೂಲೆಯ ಅಕ್ಷರ ಎಷ್ಟನೇ ಸಾಲು ಅಂತ ಹೇಳುತ್ತದೆ, ಬಲ ಮೂಲೆಯದು ಸಾಲಿನಲ್ಲಿ ಎಷ್ಟನೆಯದು ಅಂತ. ಮೊದಲನೆಯದು ‘ಎ-ಎ’, ಕೊನೆಯದು ‘ಟಿ-ಎಲ್’. ಹಾಗಾಗಿ ಕೆಳಗೆ ಎಡಗಡೆ ‘ಟಿ’ ದಾಟಿದ ಅಕ್ಷರ, ಬಲಗಡೆ ‘ಎಲ್’ ದಾಟಿದ ಅಕ್ಷರ ಬರಲು ಸಾಧ್ಯವೇ ಇಲ್ಲ. ನಿಮಗೆ ಹಾಗೆ ಕಂಡರೆ ಇನ್ನೊಮ್ಮೆ ಓದಿ.

ಬರೀ ಅಕ್ಷರಜೋಡಿಯಿಂದ ಬೆಲೆ ಹೆಚ್ಚಾಗುವುದಿಲ್ಲ. ಹಾಳೆಹಾಳೆಯಲ್ಲೂ ‘ಎ-ಎ’ ಇದೆಯಲ್ಲ!

ಎರಡನೆಯದು: ಮೇಲಿನ ಎರಡು ಮೂಲೆ ನೋಡಿ

ದಾರಿ ಇಲ್ಲಿ ಎರಡಾಗಿ ಒಡೆಯುತ್ತದೆ. ಮೇಲಿನ ಮೂಲೆಗಳಲ್ಲಿ ನಕ್ಷತ್ರದಂಥ ಹೂವಿದ್ದರೆ ಅದು ಹಳೆಯ ಗುಂಪು. ನಾಲ್ಕೂ ಮೂಲೆಗಳಲ್ಲಿ ಅಕ್ಷರ ಇದ್ದರೆ 1864ರಿಂದ ಈಚೆಗೆ ಬಂದ ಗುಂಪು. ಈ ಎರಡನೇ ಗುಂಪಿನಲ್ಲಿ ಮೇಲಿನ ಅಕ್ಷರಗಳು ಕೆಳಗಿನವುಗಳ ತಿರುವುಮುರುವು. ಕೆಳಗೆ ‘ಸಿ-ಎಫ್’ ಇದ್ದರೆ ಮೇಲೆ ‘ಎಫ್-ಸಿ’.

ನಿಮ್ಮ ಕೈಯಲ್ಲಿರುವುದು ನಾಲ್ಕು ಅಕ್ಷರದ್ದೇ ಆಗಿದ್ದರೆ ಕೆಲಸ ಅರ್ಧ ಮುಗಿಯಿತು. ಇವುಗಳ ವಾಟರ್‌ಮಾರ್ಕ್ (ಕಾಗದದೊಳಗೆ ಅಡಗಿರುವ ಗುರುತು) ಎಲ್ಲದರಲ್ಲೂ ದೊಡ್ಡ ಕಿರೀಟ, ಅಂಚಿನ ತೂತು 14 (ಅಂದರೆ 2 ಸೆಂಟಿಮೀಟರಿಗೆ 14 ತೂತು). ಉಳಿದದ್ದು ಪ್ಲೇಟ್ ನಂಬರ್, ಅಂದರೆ ಚೀಟಿ ಅಚ್ಚು ಹಾಕಿದ ಲೋಹದ ಹಲಗೆಯ ನಂಬರ್, ಒಂದೇ.

ಪ್ಲೇಟ್ ನಂಬರ್ ಓದುವುದು

ಈ ಭಾಗ ನನಗೆ ತುಂಬಾ ಇಷ್ಟ. ಚೀಟಿಯ ಎಡ ಮತ್ತು ಬಲ ಅಂಚಿನಲ್ಲಿ ಜಾಲರಿಯ ಹಾಗೆ ಸುತ್ತಿ ಸುತ್ತಿ ಬಂದ ಗೆರೆಗಳ ಪಟ್ಟಿ ಇದೆ. ಅದರ ನಡುಭಾಗದಲ್ಲಿ ಪುಟ್ಟ ಅಂಕಿಗಳು ಅಡಗಿವೆ. ಬರಿಗಣ್ಣಿಗೆ ಬರೀ ಕೆಂಪು ಗೀಚು. ಭೂತಗನ್ನಡಿ ಹಿಡಿದು, ಚೀಟಿಯನ್ನು ಅಡ್ಡ ತಿರುಗಿಸಿ, ಬೆಳಕನ್ನು ಸ್ವಲ್ಪ ಆ ಕಡೆ ಈ ಕಡೆ ಸರಿಸಿ. ಮೊದಲು ಏನೂ ಕಾಣುವುದಿಲ್ಲ. ಹಾಗೇ ನೋಡುತ್ತಿದ್ದರೆ ಗೆರೆಗಳ ಮಧ್ಯೆ ಒಂದು ‘1’ ಎದ್ದು ಬರುತ್ತದೆ, ಆಮೇಲೆ ‘4’, ಆಮೇಲೆ ‘8’. ಒಮ್ಮೆ ಕಂಡ ಮೇಲೆ ಇಷ್ಟು ಹೊತ್ತು ಯಾಕೆ ಕಾಣಲಿಲ್ಲ ಅನ್ನಿಸುತ್ತದೆ. ಒಂದು ಕಡೆ ಅಂಚೆ ಮುದ್ರೆ ಬಿದ್ದು ಮುಚ್ಚಿದ್ದರೆ ಇನ್ನೊಂದು ಕಡೆ ನೋಡಿ, ನಂಬರ್ ಎರಡೂ ಬದಿ ಇದೆ. ಎರಡೂ ಕಡೆ ಓದಿ ತಾಳೆ ಹಾಕುವುದು ಒಳ್ಳೆಯ ಅಭ್ಯಾಸ.

ನಂಬರ್‌ಗಳು 71ರಿಂದ 225ರವರೆಗೆ. ನಡುವೆ 75, 126, 128 ಬಳಕೆಗೆ ಬರಲೇ ಇಲ್ಲ. ಹಾಗಾಗಿ ‘126 ಸಿಕ್ಕಿತು’ ಅನ್ನಿಸಿದರೆ ಅದು 125ಓ 127ಓ ಇರಬೇಕು, ಮತ್ತೆ ನೋಡಿ. ಕೊನೆಯ ಪ್ಲೇಟ್ 225ರಿಂದ ಅಚ್ಚಾದದ್ದು ಕಡಿಮೆ. ಅದಕ್ಕೆ ಉಳಿದವುಗಳಿಗಿಂತ ಎಷ್ಟೋ ಜಾಸ್ತಿ ಬೆಲೆ. ಮಿಕ್ಕ ಪ್ಲೇಟ್‌ಗಳ ನಡುವೆ ಹೆಚ್ಚುಕಡಿಮೆ ಇದ್ದರೂ ಬಳಸಿದ ಚೀಟಿಗಳಲ್ಲಿ ಬಹುಪಾಲು ಅಗ್ಗ.

ಇನ್ನು 77. ಈ ಪ್ಲೇಟ್ ಸರಿಯಿಲ್ಲ ಅಂತ ತಿರಸ್ಕರಿಸಿದ್ದರು. ಹೇಗೋ ಅದರ ಕೆಲವು ಚೀಟಿಗಳು ಹೊರಗೆ ಬಂದುಬಿಟ್ಟವು. ಇವತ್ತು ಗೊತ್ತಿರುವುದು ಬೆರಳೆಣಿಕೆಯಷ್ಟು ಮಾತ್ರ, ಸ್ಟಾಂಪ್ ಲೋಕದ ದೊಡ್ಡ ಅಪರೂಪಗಳಲ್ಲಿ ಒಂದು. ಹಾಗಾಗಿ ಎಲ್ಲರಿಗೂ ತಮ್ಮ ಚೀಟಿಯಲ್ಲಿ 77 ಕಾಣುತ್ತದೆ! ನಿಧಾನವಾಗಿ ನೋಡಿ. 177ರ ಮೊದಲ ‘1’ ಮುದ್ರೆಯ ಶಾಯಿಯಲ್ಲಿ ಮುಚ್ಚಿಹೋದರೆ ಉಳಿಯುವುದು 77. ಆ ‘1’ಅನ್ನು ಬೇಕಂತಲೇ ಕೆರೆದು ಅಳಿಸಿದ ಚೀಟಿಗಳೂ ಇವೆ. ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಎರಡಂಕಿಯ ನಂಬರ್ ಆದರೆ ಪಟ್ಟಿಯ ಆ ಭಾಗದಲ್ಲಿ ನಡುವಿಗೆ ಸರಿಯಾಗಿ ಕೂತಿರುತ್ತದೆ. ಮೂರಂಕಿಯಲ್ಲಿ ಒಂದು ಮರೆಯಾಗಿದ್ದರೆ ಉಳಿದೆರಡು ಒಂದು ಕಡೆಗೆ ವಾಲಿದ ಹಾಗೆ ಕಾಣುತ್ತವೆ. ಖಚಿತವಾಗಿ 73, 78 ಅಥವಾ 79 ಇರುವ ಚೀಟಿಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಿ.

ನಕ್ಷತ್ರದ ಗುಂಪು: ಅಂಚು, ಕಿರೀಟ, ಮುಖ

ಇಲ್ಲಿ ಪ್ಲೇಟ್ ನಂಬರ್ ಚೀಟಿಯ ಮೇಲೆ ಇಲ್ಲ. ಬದಲಿಗೆ ಮೂರು ನಾಲ್ಕು ಸಂಗತಿಗಳನ್ನು ಒಟ್ಟಿಗೆ ನೋಡಬೇಕು.

ಮೊದಲು ಅಂಚು. ಶುರುವಿನ ಚೀಟಿಗಳಿಗೆ ತೂತುಗಳೇ ಇಲ್ಲ, ಅಂಚೆ ಕಚೇರಿಯಲ್ಲಿ ಕತ್ತರಿಯಿಂದ ಕತ್ತರಿಸಿ ಕೊಡುತ್ತಿದ್ದರು. 1850ರಲ್ಲಿ ಹೆನ್ರಿ ಆರ್ಚರ್ ಅನ್ನುವವರ ಯಂತ್ರದಿಂದ ತೂತು ಹಾಕಿ ಪ್ರಯೋಗ ಮಾಡಿದರು. 1854ರಲ್ಲಿ ಅದೇ ಪದ್ಧತಿಯಾಯಿತು. ಮೊದಲು 16 ಅಳತೆ, 1855ರಿಂದ 14. ಅಳತೆ ಅಂದರೆ 2 ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತು ಅಂತ. ಗೇಜ್ ಮೇಲೆ ಚೀಟಿ ಇಟ್ಟು, ಹಲ್ಲುಗಳು ಗೆರೆಗಳಿಗೆ ಪೂರ್ತಿ ಹೊಂದುವ ತನಕ ಸರಿಸಿ. 16 ಮತ್ತು 14 ಕಣ್ಣಿಗೇ ಬೇರೆಯಾಗಿ ಕಾಣುತ್ತವೆ, 16ರ ಹಲ್ಲು ಸಣ್ಣ, ಒತ್ತೊತ್ತು.

ಆಮೇಲೆ ವಾಟರ್‌ಮಾರ್ಕ್. ಪ್ರತಿ ಚೀಟಿಯ ಕಾಗದದೊಳಗೆ ಒಂದು ಕಿರೀಟ ಇದೆ. 1855ರವರೆಗೆ ಸಣ್ಣದು, ಆಮೇಲೆ ದೊಡ್ಡದು. ಚೀಟಿಯನ್ನು ಕಪ್ಪು ತಟ್ಟೆಯಲ್ಲಿ ಮುಖ ಕೆಳಗಾಗಿ ಇಟ್ಟು, ವಾಟರ್‌ಮಾರ್ಕ್ ನೋಡಲು ಅಂತಲೇ ಸಿಗುವ ದ್ರವವನ್ನು ಎರಡು ಹನಿ ಬಿಡಿ. ಕಾಗದ ಒದ್ದೆಯಾಗಿ ಮಸುಕಾಗುತ್ತದೆ, ಅದರೊಳಗಿಂದ ಕಿರೀಟದ ಗೆರೆ ಕಪ್ಪಾಗಿ ತೇಲಿ ಬರುತ್ತದೆ. ಕೆಲವೇ ಕ್ಷಣ, ಆರಿದರೆ ಮತ್ತೆ ಬರೀ ಬಿಳಿ ಬೆನ್ನು. ಅಷ್ಟರಲ್ಲಿ ಇನ್ನೊಂದನ್ನೂ ಗಮನಿಸಿ. ಕಿರೀಟಕ್ಕೆ ಸಂಬಂಧವೇ ಇಲ್ಲದ ಕಪ್ಪು ಮಚ್ಚೆ ಕಂಡರೆ ಅಲ್ಲಿ ಕಾಗದ ಸುಲಿದು ತೆಳುವಾಗಿದೆ ಅಂತ ಅರ್ಥ. ಬೆಲೆ ಕಟ್ಟುವಾಗ ಅದು ಬೇಕಾಗುತ್ತದೆ. ಈ ದ್ರವಗಳಲ್ಲಿ ಕೆಲವು ಬೇಗ ಬೆಂಕಿ ಹತ್ತಿಕೊಳ್ಳುವಂಥವು. ಕಿಟಕಿ ತೆರೆದಿರಲಿ, ಹತ್ತಿರ ದೀಪ, ಸಿಗರೇಟು ಬೇಡ.

ಮೂರನೆಯದು ಮುಖ. 1855ರಲ್ಲಿ ರಾಣಿಯ ಚಿತ್ರದ ಅಚ್ಚನ್ನು ಮತ್ತೆ ಕೆತ್ತಿ ಗಟ್ಟಿ ಮಾಡಿದರು. ಹಳೆಯದನ್ನು ಡೈ ಒಂದು, ಹೊಸದನ್ನು ಡೈ ಎರಡು ಅನ್ನುತ್ತಾರೆ. ಎರಡನೆಯದರಲ್ಲಿ ಕಣ್ಣಿನ ನೆರಳು ದಟ್ಟ, ತುಟಿ ದಪ್ಪ, ಕೆಳತುಟಿಗೂ ಗಲ್ಲಕ್ಕೂ ನಡುವೆ ಆಳವಾದ ಕೆಂಪು ಗುಳಿ. ಒಂದೊಂದನ್ನೇ ನೋಡಿದರೆ ಗೊತ್ತಾಗುವುದು ಕಷ್ಟ, ಎರಡನ್ನೂ ಪಕ್ಕಪಕ್ಕ ಇಟ್ಟರೆ ತಟ್ಟನೆ ತಿಳಿಯುತ್ತದೆ.

ಬಣ್ಣವೂ ಸಹಾಯ ಮಾಡುತ್ತದೆ. ಶುರುವಿನವು ಕೆಂಪು ಕಂದು, ಕಾಗದ ನೀಲಿ ಛಾಯೆಗೆ ತಿರುಗಿರುತ್ತದೆ. ಶಾಯಿಯಲ್ಲಿದ್ದ ರಾಸಾಯನಿಕದ ಕೆಲಸ ಅದು, ಕೊಳೆ ಅಲ್ಲ. ತೊಳೆಯಲು ಹೋಗಬೇಡಿ. 1857ರ ನಂತರದವು ಬಿಳಿ ಕಾಗದದ ಮೇಲೆ ಗುಲಾಬಿ ಕೆಂಪು. ಬಣ್ಣದ ಮೇಲೆ ಮಾತ್ರ ತೀರ್ಮಾನ ಮಾಡಬೇಡಿ, ಬಿಸಿಲು ಮತ್ತು ತೇವ ಬಣ್ಣ ಕೆಡಿಸುತ್ತವೆ.

ಈಗ ಎಲ್ಲವನ್ನೂ ಒಟ್ಟು ಹಾಕಿ. ನಕ್ಷತ್ರ, ತೂತಿಲ್ಲ, ಸಣ್ಣ ಕಿರೀಟ, ನೀಲಿ ಛಾಯೆ: ಇದು 1841ರಿಂದ 1854ರ ನಡುವಿನದು. ನಕ್ಷತ್ರ, ತೂತು 14, ದೊಡ್ಡ ಕಿರೀಟ, ಡೈ ಎರಡು, ಬಿಳಿ ಕಾಗದ: ಇದು 1857ರಿಂದ 1863ರದು, ತುಂಬಾ ಸಾಮಾನ್ಯ. ಇವೆರಡರ ನಡುವೆ ಬರುವ 16 ಮತ್ತು 14ರ, ಸಣ್ಣ ಮತ್ತು ದೊಡ್ಡ ಕಿರೀಟದ ಕೂಡಿಕೆಗಳಲ್ಲಿ ಕೆಲವು ಸ್ವಲ್ಪ ಅಪರೂಪ, ಅವನ್ನು ಕ್ಯಾಟಲಾಗಿನಲ್ಲಿ ಒಂದೊಂದಾಗಿ ನೋಡಬೇಕು.

ಈ ಲಕ್ಷಣಗಳು ಒಂದಕ್ಕೊಂದು ಹೊಂದದಿದ್ದರೆ ಎಚ್ಚರ. ತೂತಿಲ್ಲದ ಚೀಟಿಗೆ ಬೆಲೆ ಜಾಸ್ತಿ ಅಂತ ಹಲ್ಲುಗಳನ್ನು ಕತ್ತರಿಸಿ ಮಾರುವವರಿದ್ದಾರೆ. ನಾಲ್ಕು ಮೂಲೆಯಲ್ಲೂ ಅಕ್ಷರ ಇದ್ದು ಅಂಚಿನಲ್ಲಿ ತೂತಿಲ್ಲ ಅಂದರೆ ಕತ್ತರಿಸಿದ್ದು ಅಂತಲೇ ಹಿಡಿಯಿರಿ. ನಕ್ಷತ್ರದ್ದಾದರೂ ದೊಡ್ಡ ಕಿರೀಟ, ಬಿಳಿ ಕಾಗದ ಇದ್ದರೆ ಅದೇ ಮಾತು.

ಈ ಹಳೆಯ ಗುಂಪಿನಲ್ಲಿ ಹುಡುಕಲೇಬೇಕಾದ ಎರಡು ಬಗೆ ಇವೆ. ಪೆನ್ನಿ ರೆಡ್‌ಗಿಂತ ಮುಂಚೆ, 1840ರಲ್ಲಿ ಪೆನ್ನಿ ಬ್ಲ್ಯಾಕ್ ಇತ್ತು. ಅದರ ಮೇಲೆ ಹಾಕಿದ ಕೆಂಪು ಮುದ್ರೆಯನ್ನು ಅಳಿಸಿ ಚೀಟಿಯನ್ನು ಮತ್ತೆ ಬಳಸಬಹುದಿತ್ತು. ಅದಕ್ಕೇ ಚೀಟಿಯನ್ನು ಕೆಂಪು ಮಾಡಿ ಮುದ್ರೆಯನ್ನು ಕಪ್ಪು ಮಾಡಿದರು. ಬ್ಲ್ಯಾಕ್ ಅಚ್ಚು ಹಾಕಿದ ಪ್ಲೇಟ್‌ಗಳಲ್ಲಿ ಕೆಲವನ್ನು ಮೊದಲ ರೆಡ್‌ಗಳಿಗೂ ಬಳಸಿದರು. ಅಂಥವಕ್ಕೆ ಒಳ್ಳೆಯ ಬೆಲೆ ಇದೆ, ಆದರೆ ಗುರುತಿಸುವುದು ನುರಿತವರ ಕೆಲಸ. ಇನ್ನೊಂದು ಸುಲಭ: ಎಡ ಮೂಲೆಯಲ್ಲಿ ‘ಬಿ’ ಇದ್ದು ಬಲ ಮೂಲೆ ಖಾಲಿ. ಅಕ್ಷರಗಳನ್ನು ಪ್ಲೇಟಿನ ಮೇಲೆ ಒಂದೊಂದಾಗಿ ಕೈಯಿಂದ ಒತ್ತುತ್ತಿದ್ದರು, ಒಂದು ಕಡೆ ‘ಎ’ ಬಿಟ್ಟುಹೋಯಿತು. ಅದೂ 77ನೇ ಪ್ಲೇಟೇ, ಆದರೆ ಹಳೆಯ ಗುಂಪಿನ 77. ಮೇಲೆ ಹೇಳಿದ 77ಕ್ಕೂ ಇದಕ್ಕೂ ಸಂಬಂಧ ಇಲ್ಲ.

ಅಂಚೆ ಮುದ್ರೆ ಓದಿ

ಸಾಧಾರಣ ಚೀಟಿಗೆ ಬೆಲೆ ತಂದುಕೊಡುವುದು ಎಷ್ಟೋ ಸಲ ಅದರ ಮೇಲಿನ ಮುದ್ರೆ. 1844ರವರೆಗೆ ಹೂವಿನಂಥ ಮಾಲ್ಟೀಸ್ ಕ್ರಾಸ್ ಹಾಕುತ್ತಿದ್ದರು. ಲಂಡನ್ನಿನಲ್ಲಿ 1843ರ ಹೊತ್ತಿಗೆ ಬಂದ, ಕ್ರಾಸಿನ ನಡುವೆ 1ರಿಂದ 12ರವರೆಗೆ ಅಂಕಿ ಇರುವ ಮುದ್ರೆಗಳಿಗೆ ಬೇಡಿಕೆ ಇದೆ. 1844ರಿಂದ ಪ್ರತಿ ಅಂಚೆ ಕಚೇರಿಗೂ ಒಂದು ನಂಬರ್ ಕೊಟ್ಟು, ಅದರ ಸುತ್ತ ಗೆರೆಗಳಿರುವ ಮುದ್ರೆ ಬಂತು. ಗೆರೆಗಳ ಆಕಾರ ಇಂಗ್ಲೆಂಡ್, ವೇಲ್ಸ್‌ನದ್ದಾದರೆ ಮೊಟ್ಟೆಯಂತೆ, ಸ್ಕಾಟ್ಲೆಂಡ್‌ನದ್ದು ಆಯತ, ಐರ್ಲೆಂಡ್‌ನದ್ದು ವಜ್ರದಂತೆ. ಬ್ರಿಟನ್ನಿನ ಹೊರಗೆ ಬಳಸಿದ್ದೂ ಇದೆ. ‘ಎ 25’ ಕಂಡರೆ ಮಾಲ್ಟಾ, ‘ಎ 26’ ಜಿಬ್ರಾಲ್ಟರ್, ಬರೀ ‘ಸಿ’ ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್). ಇಂಥ ಮುದ್ರೆ ಸ್ಪಷ್ಟವಾಗಿದ್ದರೆ ಚೀಟಿಯನ್ನು ಪಕ್ಕಕ್ಕೆ ತೆಗೆದಿಡಿ.

ಸ್ಥಿತಿ ನೋಡುವಾಗ ಮುಲಾಜು ಬೇಡ

ತೂತಿಲ್ಲದ ಚೀಟಿಗೆ ನಾಲ್ಕು ಕಡೆಯೂ ಬಿಳಿ ಅಂಚು ಉಳಿದಿರಬೇಕು. ಹಾಳೆಯಲ್ಲಿ ಎರಡು ಚೀಟಿಗಳ ನಡುವೆ ಇದ್ದ ಜಾಗವೇ ಕಿರಿದು, ಕತ್ತರಿ ಸ್ವಲ್ಪ ವಾಲಿದರೂ ಚಿತ್ರವೇ ಹೋಗುತ್ತಿತ್ತು. ನಾಲ್ಕು ಅಂಚು ಚೆನ್ನಾಗಿರುವುದಕ್ಕೂ ಮೂರು ಇರುವುದಕ್ಕೂ ಬೆಲೆಯಲ್ಲಿ ಅಜಗಜಾಂತರ. ತೂತಿರುವ ಚೀಟಿಗಳಲ್ಲಿ ಚಿತ್ರ ನಡುವಿಗೆ ಬಂದಿದೆಯಾ ನೋಡಿ. ಒದ್ದೆ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು, ಆರುವಾಗ ಅದು ಒಂದೊಂದು ಕಡೆ ಒಂದೊಂದು ರೀತಿ ಕುಗ್ಗುತ್ತಿತ್ತು. ಅದಕ್ಕೇ ತೂತು ಚಿತ್ರದ ಮೇಲೆ ಬಿದ್ದ ಚೀಟಿಗಳೇ ಹೆಚ್ಚು. ನಡುವಿಗೆ ಸರಿಯಾಗಿ ಕೂತದ್ದು ಸಿಕ್ಕರೆ ಖುಷಿಪಡಿ.

ಮಿಕ್ಕಂತೆ ಮುರಿದ ಹಲ್ಲು, ಮಡಿಕೆ, ಹರಿದ ಅಂಚು, ತೆಳುವಾದ ಬೆನ್ನು, ರಾಣಿಯ ಮುಖವನ್ನೇ ಮುಚ್ಚಿದ ಮುದ್ರೆ, ಇವೆಲ್ಲ ಬೆಲೆ ಇಳಿಸುತ್ತವೆ. ಬಳಸದ ಚೀಟಿಗೆ ಬಳಸಿದ್ದಕ್ಕಿಂತ ಎಷ್ಟೋ ಪಟ್ಟು ಬೆಲೆ, ಅದರಲ್ಲೂ ಹಿಂದೆ ಮೂಲ ಅಂಟು ಇದ್ದರೆ ಇನ್ನೂ ಹೆಚ್ಚು. ಹೊಸದಾಗಿ ಅಂಟು ಬಳಿದ ಮೋಸವೂ ಇದೆ. ಹಲ್ಲುಗಳ ತುದಿಗೆ ಅಂಟು ಹರಿದು ಗಟ್ಟಿಯಾಗಿದ್ದರೆ ಅನುಮಾನ ಪಡಿ.

ಕೊನೆಗೆ ಬೆಲೆ

ಈಗ ಸ್ಟಾನ್ಲಿ ಗಿಬ್ಬನ್ಸ್ ಅನ್ನುವ ಸ್ಟಾಂಪ್ ಮಾರಾಟ ಸಂಸ್ಥೆಯ ಕ್ಯಾಟಲಾಗ್ ತೆಗೆಯಿರಿ. ಕೆಲವು ಗ್ರಂಥಾಲಯಗಳಲ್ಲಿ, ಸಂಗ್ರಾಹಕರ ಸಂಘಗಳಲ್ಲಿ ನೋಡಲು ಸಿಗುತ್ತದೆ. ನಾಲ್ಕು ಅಕ್ಷರದ ಗುಂಪಿಗೆ ಪ್ಲೇಟ್ ಪ್ಲೇಟಿಗೂ ಬೇರೆ ಬೆಲೆ ಕೊಟ್ಟಿರುತ್ತಾರೆ, ಬಳಸಿದ್ದಕ್ಕೆ ಒಂದು, ಬಳಸದ್ದಕ್ಕೆ ಒಂದು. ಆದರೆ ಒಂದು ಮಾತು ನೆನಪಿರಲಿ. ಅದು ಆ ಸಂಸ್ಥೆ ತಾನು ಒಳ್ಳೆಯ ಸ್ಥಿತಿಯ ಚೀಟಿ ಮಾರುವಾಗ ಕೇಳುವ ಬೆಲೆ. ನೀವು ಮಾರಲು ಹೋದರೆ ಸಿಗುವ ಬೆಲೆ ಅಲ್ಲ. ಅಗ್ಗದ ಚೀಟಿಗೆ ಹಾಕಿದ ಬೆಲೆಯಲ್ಲಿ ದೊಡ್ಡ ಪಾಲು ಅದನ್ನು ಹುಡುಕಿ, ವಿಂಗಡಿಸಿ, ಕಳುಹಿಸುವ ಕೂಲಿಯೇ. ಸ್ಥಿತಿ ಚೆನ್ನಾಗಿಲ್ಲದ ಸಾಮಾನ್ಯ ಚೀಟಿ ಕ್ಯಾಟಲಾಗ್ ಬೆಲೆಯ ಸಣ್ಣ ತುಣುಕಿಗೆ ಹೋಗುತ್ತದೆ, ಎಷ್ಟೋ ಸಲ ರಾಶಿಯಲ್ಲಿ ಹೋಗುತ್ತದೆ.

ನಿಜವಾದ ಬೆಲೆ ಬೇಕೆಂದರೆ ಆನ್‌ಲೈನ್ ಹರಾಜಿನಲ್ಲಿ ಮಾರಾಟವಾಗಿ ಹೋದವುಗಳನ್ನು ನೋಡಿ. ಮಾರಲು ಇಟ್ಟವರು ಏನು ಬೇಕಾದರೂ ಕೇಳಬಹುದು, ‘ಅಪರೂಪದ ಪೆನ್ನಿ ರೆಡ್’ ಅಂತ ಬರೆದು ಲಕ್ಷ ಹೇಳಬಹುದು. ಅದಕ್ಕೆ ಯಾರೂ ಕೊಟ್ಟಿಲ್ಲ. ಅದೇ ಗುಂಪು, ಅದೇ ಪ್ಲೇಟ್, ಸರಿಸುಮಾರು ಅದೇ ಸ್ಥಿತಿಯ ಐದಾರು ಮಾರಾಟಗಳನ್ನು ಬರೆದುಕೊಳ್ಳಿ. ತೀರಾ ಮೇಲಿನದು, ತೀರಾ ಕೆಳಗಿನದು ಬಿಡಿ. ಉಳಿದವುಗಳ ಆಸುಪಾಸಿನಲ್ಲಿ ನಿಮ್ಮ ಚೀಟಿಯ ಬೆಲೆ ಇದೆ.

ನಿಮ್ಮ ಲೆಕ್ಕದಲ್ಲಿ 77, 225, ಆರ್ಚರ್ ಪ್ರಯೋಗದ ಚೀಟಿ ಅಥವಾ ಖಾಲಿ ಮೂಲೆಯದು ಅಂತ ಬಂದರೆ ನಿಮ್ಮ ಕಣ್ಣನ್ನೊಂದೇ ನಂಬಬೇಡಿ. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ತಜ್ಞರ ಸಮಿತಿಯಂಥವರು ಚೀಟಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಅದಕ್ಕೆ ಶುಲ್ಕ ಇದೆ. ಸಾಮಾನ್ಯ ಚೀಟಿಗೆ ಮಾಡಿಸಿದರೆ ಚೀಟಿಯ ಬೆಲೆಗಿಂತ ಅದೇ ಹೆಚ್ಚಾಗುತ್ತದೆ.

ಮಾರುವಂಥದ್ದು ಏನೂ ಸಿಗದಿದ್ದರೆ ಅಕ್ಷರಗಳನ್ನು ಜೋಡಿಸಿ ನೋಡಿ. ದೊಡ್ಡ ಹಾಳೆಯ ಮೇಲೆ 240 ಮನೆ ಗೀಚಿ, ‘ಎ-ಎ’ಯಿಂದ ‘ಟಿ-ಎಲ್’ವರೆಗೆ ಒಂದೊಂದೇ ಚೀಟಿ ತುಂಬುತ್ತಾ ಹೋಗುವುದು. ಅಗ್ಗದ ಚೀಟಿಗಳಿಂದಲೇ ಒಂದು ಇಡೀ ಹಾಳೆ ಮತ್ತೆ ಎದ್ದು ನಿಲ್ಲುತ್ತದೆ. ಟೇಪು, ಗೋಂದು ಬೇಡ. ಪಾರದರ್ಶಕ ಮೌಂಟ್ (ಚೀಟಿ ಕೂರಿಸುವ ಪುಟ್ಟ ಹೊದಿಕೆ) ಅಥವಾ ಸ್ಟಾಂಪ್ ಹಿಂಜ್ (ಚೀಟಿ ಹಚ್ಚಲು ಅಂತಲೇ ಸಿಗುವ ಅಂಟಿನ ಕಾಗದದ ತುಂಡು) ಬಳಸಿ. ಗೊತ್ತುಮಾಡಿಕೊಂಡ ವಿವರವನ್ನು ಚೀಟಿಯ ಬೆನ್ನ ಮೇಲೆ ಬರೆಯಬೇಡಿ, ಕೆಳಗಿನ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ: ‘ಸಿ-ಎಫ್, ಪ್ಲೇಟ್ 148, ಬಳಸಿದ್ದು, ಎಡಗಡೆ ಒಂದು ಹಲ್ಲು ಮೊಂಡು.’